ಓವನ್ ಕಾಣದ ಬೋಲ್ಟುಗಳು

ಬೀದಿಗೆಲ್ಲ ಅವನು ಆಸಿಡ್ ಭಾವ. ಹೆಸರಿಟ್ಟವನು ಹೆಂಡತಿಯ ತಮ್ಮ, ಗ್ಯಾರೇಜಿನವನು. ಲೋಹಕ್ಕೆ ಹೊಳಪಿನ ಲೇಪ ಹಾಕುವ ಪ್ಲೇಟಿಂಗ್ ಕಾರ್ಖಾನೆಯ ಆಸಿಡ್ ತೊಟ್ಟಿಯ ಮುಂದೆ ನಿಂತೂ ನಿಂತೂ ಭಾವನ ಅಂಗಿಗಳೆಲ್ಲ ತೂತು. "ನಿಮ್ಮ ಅಂಗೀಲಿ ಹಿಟ್ಟು ಜರಡಿ ಹಿಡೀಬಹುದು ಭಾವ" ಎಂದು ಭಾಮೈದ ಕಿಚಾಯಿಸುತ್ತಿದ್ದ.

ಆಸಿಡ್ ನೀರಿನಲ್ಲಿ ಹೈಡ್ರೋಜನ್ ಒಂಟಿಯಾಗಿರುವುದಿಲ್ಲ. ನೀರಿನ ಕಣವೊಂದನ್ನು ತಬ್ಬಿಕೊಂಡು ಹೈಡ್ರೋನಿಯಮ್ ಎಂಬ ಹೆಸರಲ್ಲಿ ಅಲೆಯುತ್ತದೆ. ತುಕ್ಕನ್ನು ತಿಂದು ತೇಗುವುದು ಅದೇ. ಕಬ್ಬಿಣ ಸಿಕ್ಕಿತೋ, ನೀರಿನ ಕೈ ಬಿಟ್ಟು ಗುಳ್ಳೆಯಾಗಿ ಮೇಲೇಳುತ್ತದೆ. ಸ್ವಲ್ಪ ಮಾತ್ರ ಗಟ್ಟಿ ಉಕ್ಕಿನೊಳಗೆ ನುಸುಳಿ ಕೂರುತ್ತದೆ. ಆಮೇಲೆ ಆ ಉಕ್ಕು ಹೊರಗೆ ಥಳಥಳ, ಒಳಗೆ ಗಾಜು. ಅದಕ್ಕೇ ಲೇಪ ಹಾಕಿದ ಕೂಡಲೇ ಓವನ್‌ನಲ್ಲಿ ಗಂಟೆಗಟ್ಟಲೆ ಕಾಯಿಸಿ ಅದನ್ನು ಹೊರಗಟ್ಟಬೇಕು. ಇದು ಭಾವನಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ದಿನ ಭಾಮೈದ ಕಾರು ಎತ್ತುವ ಲಿಫ್ಟಿನ ಬೋಲ್ಟುಗಳನ್ನು ತಂದು ಸುರಿದ. "ಕನ್ನಡಿ ಹಂಗೆ ಹೊಳೀಬೇಕು ಭಾವ. ಸಂಜೆಗೇ ಬೇಕು." ಓವನ್ ತುಂಬ ಮಾಲೀಕರ ಮಾಲು. ಮನೆಯವರದೇ ಕೆಲಸ, ಯಾರು ಕೇಳುತ್ತಾರೆ ಎಂದುಕೊಂಡು ಭಾವ ಕಾಯಿಸದೆ ಹಾಗೇ ಕೊಟ್ಟು ಕಳಿಸಿದ. ಹೊರಗಿನವರ ಬೋಲ್ಟಾಗಿದ್ದರೆ ಕೊಡುತ್ತಿರಲಿಲ್ಲ.

ಮಾರನೆಯ ದಿನ ಲಿಫ್ಟು ಸುಮ್ಮನೆ ಕಾರು ಹೊತ್ತು ನಿಂತಿದ್ದಾಗಲೇ ಬೋಲ್ಟು ಪಟ್ಟೆಂದು ಮುರಿಯಿತು. ಕೆಳಗಿದ್ದ ಭಾಮೈದನ ಎಡಗಾಲು ಮಂಡಿಯಿಂದ ಕೆಳಗೆ ಹೋಯಿತು. "ಬೋಲ್ಟು ತಾನೇ ಜಾಸ್ತಿ ಬಿಗಿದಿದ್ದಾನೆ" ಎಂದರು ಬಂದವರೆಲ್ಲ. ಭಾಮೈದನೂ ಅದನ್ನೇ ನಂಬಿದ.

ರಾತ್ರಿ ಭಾವ ಹೆಂಡತಿಯೆದುರು ಎಲ್ಲ ಒಪ್ಪಿಕೊಂಡ. ಭಾಮೈದನಿಗೂ ನಿಜ ಹೇಳಿಬಿಡುತ್ತೇನೆಂದು ಚಪ್ಪಲಿ ಮೆಟ್ಟಿದಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಹೇಳಿದ್ರೆ ನನ್ನ ತಮ್ಮನ ಕಾಲು ವಾಪಸ್ ಬರುತ್ತಾ? ನಂಗೆ ತವರೂ ಹೋಗುತ್ತೆ, ನಿಮ್ಮ ಮುಖ ನೋಡೋಕೂ ಆಗಲ್ಲ. ಬಾಯಿ ಮುಚ್ಕೊಂಡಿರಿ." ಅವನು ಮುಚ್ಚಿಕೊಂಡ. ಹೇಡಿಗೆ ಹೆಂಡತಿಯ ಮಾತು ಎಷ್ಟು ಅನುಕೂಲ!

ಗ್ಯಾರೇಜು ಬಾಗಿಲು ಹಾಕಿತು. ಕೂತಲ್ಲೇ ಮಾಡುವ ಕೆಲಸ ಬೇಕಾದಷ್ಟಿತ್ತು. ಆದರೂ ಭಾಮೈದ ಸ್ಪ್ಯಾನರ್ ಮುಟ್ಟಲೊಲ್ಲ. ಅವನಷ್ಟು ಹದವಾಗಿ ಬಿಗಿಯುವ ಕೈ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ. ನೋಡಲು ಹೋದ ಭಾವನಿಗೆ ಅವನು ನೀರಿನ ಬಾಟಲಿ ಚಾಚಿದ.

"ಮುಚ್ಚಳ ನೀವೇ ಹಾಕಿ ಭಾವ. ಎಷ್ಟು ಬಿಗೀಬೇಕು ಅಂತ ನನ್ನ ಕೈಗೆ ಗೊತ್ತಾಗಲ್ಲ."

ಭಾವ ಮುಚ್ಚಳ ತಿರುಗಿಸಿ, ಬಾಟಲಿಯನ್ನು ದಿಂಬಿನ ಪಕ್ಕದಲ್ಲಿಟ್ಟು, "ಇನ್ನೇನಾದ್ರೂ ಬೇಕಾ?" ಎಂದು ಕೇಳಿದ.