ಕೂತ ಹೊತ್ತಿನ ಪಗಾರ

ನಮ್ಮ ಮಾಲಕರಿಗೆ ವಾದ ಮಾಡುವ ಹುಚ್ಚು. ಸೊಲ್ಲಾಪುರದ ಹಳೆಯ ಬಟ್ಟೆ ವ್ಯಾಪಾರಿಗಳ ಮನೆತನ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಓದುವುದೆಲ್ಲ ಇಂಗ್ಲಿಷು. ಊರ ಹೊರಗೆ ಚಿಂಚೋಳಿ ಎಂಐಡಿಸಿ ಎಂಬ ಸರಕಾರಿ ಕೈಗಾರಿಕಾ ವಸಾಹತಿನಲ್ಲಿ ಅವರದೊಂದು ಟವೆಲ್ ಕಾರ್ಖಾನೆ, ಅಲ್ಲಿ ನಾನು ಕಾರಕೂನ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವನು ಇಲ್ಲಿ ಟವೆಲ್ ಎಣಿಸುತ್ತಿದ್ದಾನೆ ಎಂದು ತಿಳಿದ ದಿನದಿಂದ ಪ್ರತಿ ಶನಿವಾರ ಮಧ್ಯಾಹ್ನ ನನ್ನನ್ನು ಕ್ಯಾಬಿನ್ನಿಗೆ ಕರೆಸಿ, ಚಹಾ ತರಿಸಿ, ಎದುರಿಗೆ ಕೂರಿಸಿಕೊಳ್ಳುತ್ತಾರೆ. ಅವರು ಬಾಜಾರದ ಕಡೆ, ನಾನು ದುಡಿಯುವವರ ಕಡೆ. ಈ ಹಂಚಿಕೆ ಮಾಡಿದವರೂ ಅವರೇ.

"ಬಾಜಾರದಷ್ಟು ನ್ಯಾಯ ಯಾವ ಸರಕಾರನೂ ಮಾಡಂಗಿಲ್ಲ ನೋಡು," ಎನ್ನುತ್ತಾರೆ. "ನಾ ಯಾರಿಗೂ ಜಬರದಸ್ತಿ ಮಾಡಿಲ್ಲ. ಬೇಕಾದವರು ಬರ್ತಾರ, ಬ್ಯಾಡಾದವರು ಹೋಗ್ತಾರ. ಗೇಟ್ ತೆರದೇ ಅದ."

"ಗೇಟ್ ತೆರದದ ಖರೆ, ಹೊಟ್ಟಿ ಕೇಳಬೇಕಲ್ರಿ," ಎನ್ನುತ್ತೇನೆ ನಾನು.

ಇಂಥ ಮಾತು ಬಂದರೆ ಅವರು ಮೇಜು ಕುಟ್ಟಿ ನಗುತ್ತಾರೆ. ಇಡೀ ಎಂಐಡಿಸಿಯಲ್ಲಿ ಮಾಲಕರಿಗೆ ಎದುರಾಡಿ ಮೇಲೆ ಚಹಾ ಕುಡಿಯುವವನು ನಾನೊಬ್ಬನೇ ಎಂಬ ಜಂಬ ನನಗೆ ಬಹಳ ದಿನ ಇತ್ತು.

ಕ್ಯಾಬಿನ್ನಿನ ಗಾಜಿನಾಚೆ ಹೊಲಿಗೆ ವಿಭಾಗ. ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಅಲ್ಲಿ ಟವೆಲ್ಲುಗಳ ಅಂಚು ಹೊಲಿಯುತ್ತಾಳೆ. ಕೆಲಸಕ್ಕೆ ಹಾಕಿಸಿದವನು ನಾನೇ. ಬೆಳಿಗ್ಗೆ ನಮ್ಮೂರು ಕಂದಲಗಾಂವದಿಂದ ಕಾರ್ಖಾನೆಯ ಬಸ್ಸಿನಲ್ಲಿ ಬರುತ್ತೇವೆ, ಸಂಜೆ ಆರಕ್ಕೆ ಅದೇ ಬಸ್ಸಿನಲ್ಲಿ ಮರಳುತ್ತೇವೆ. ಅವಳಿಗೆ ಹೊಲಿದಷ್ಟಕ್ಕೆ ಮಾತ್ರ ದುಡ್ಡು. ಬಣ್ಣದ ವಿಭಾಗದಿಂದ ಮಾಲು ಬರದಿದ್ದರೆ, ಕರೆಂಟು ಹೋದರೆ, ಹೆಂಗಸರೆಲ್ಲ ಗೋಡೆಗೆ ಒರಗಿ ಕೂರುತ್ತಾರೆ. ಆ ಹೊತ್ತಿಗೆ ಬಿಡಿಗಾಸೂ ಇಲ್ಲ. ಎದ್ದು ಮನೆಗೆ ಹೋಗೋಣವೆಂದರೆ ಬಸ್ಸು ಇರುವುದು ಆರಕ್ಕೇ.

ಹೋದ ವರ್ಷ ಪರದೇಶದ ಆರ್ಡರುಗಳು ಕಡಿಮೆಯಾದವು. ವಾರದಲ್ಲಿ ಎರಡು ದಿನ, ಮೂರು ದಿನ ಹೆಂಗಸರು ಕೂತೇ ಕಳೆಯತೊಡಗಿದರು. ಒಂದು ಸಂಜೆ ಬಸ್ಸಿನಲ್ಲಿ ವೈನಿ ನನ್ನ ಪಕ್ಕ ಬಂದು ಕೂತಳು.

"ತಮ್ಮಾ, ನೀ ಮಾಲಕರ ಜೋಡಿ ಕೂಡ್ತಿಯಲ್ಲ, ಖಾಲಿ ಕೂತದ್ದಕ್ಕ ಅರ್ಧಾ ಪಗಾರರೆ ಕೊಡ್ರಿ ಅಂತ ಕೇಳು. ಹಿಂಗ ಆದ್ರ ಹುಡುಗಿನ್ನ ಅಕ್ಕಲಕೋಟದಿಂದ ವಾಪಸ್ ಕರಕೊಂಡು ಬರಬೇಕಾಗ್ತದ."

ಹುಡುಗಿ ಅಂದರೆ ಅವಳ ಮಗಳು. ಅಕ್ಕಲಕೋಟೆಯಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ನಮ್ಮ ಮನೆತನದಲ್ಲಿ ಅಷ್ಟು ಓದಿದ ಹೆಣ್ಣುಮಗಳು ಅವಳೇ ಮೊದಲು.

ಆ ಶನಿವಾರ ನಾನು ತಯಾರಾಗಿಯೇ ಹೋದೆ. "ಗೋಡೌನ್ ಮುಂದ ಲಾರಿ ಒಂದ ದಿನ ನಿಂತ್ರ ಹಾಲ್ಟಿಂಗ್ ಅಂತ ರೊಕ್ಕಾ ಕೊಡ್ತೀರಿ. ರಿಕ್ಷಾದಾಂವ ಕಾದ್ರ ಅವಂಗೂ ಕೊಡ್ತೀರಿ. ಹೆಣ್ಮಕ್ಕಳು ದಿನಾನ ಕಾಯ್ತಾರ, ಅವರಿಗ್ಯಾಕ ಕೊಡಂಗಿಲ್ರಿ?"

ಮಾಲಕರು ನಗಲಿಲ್ಲ. ಚಹಾದ ಕಪ್ಪು ಕೆಳಗಿಟ್ಟರು. ಗಾಜಿನಾಚೆ ನೋಡಿದರು.

"ಗೆದ್ದಿ ನೋಡು," ಎಂದರು. "ಖರೆ ಅದ. ನ್ಯಾಯ ಅಲ್ಲ ಇದು."

"ಮತ್ತ ಕೊಡ್ತೀರೇನ್ರಿ?"

"ವಾದ ಬ್ಯಾರೆ, ಧಂದಾ ಬ್ಯಾರೆ. ನಾ ಕೊಟ್ಟೆ ಅಂತ ಬಾಜೂ ಕಾರ್ಖಾನಿದಾಂವ ಕೊಡಂಗಿಲ್ಲ. ಅವನ ಟವೆಲ್ ಸೋವಿ ಆಗ್ತದ, ನಂದು ಯಾರೂ ಕೇಳಂಗಿಲ್ಲ. ಆಮ್ಯಾಲ ಇವರಿಗೆ ಈ ಕೆಲಸನೂ ಇಲ್ಲ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

ಸಂಜೆ ಬಸ್ಸಿನಲ್ಲಿ ವೈನಿ ನನಗಾಗಿ ಜಾಗ ಹಿಡಿದಿದ್ದಳು. "ಏನಂದ್ರು?"

"ನಾ ಗೆದ್ದೆ ವೈನಿ. ನ್ಯಾಯ ಅಲ್ಲ ಅಂತ ಅವರೇ ಒಪ್ಪಿದ್ರು."

"ಹಂಗಾರ ಕೊಡ್ತಾರ?"

"ಇಲ್ಲ."

ಅವಳು ಊಟದ ಡಬ್ಬಿಯ ಚೀಲವನ್ನು ಕಾಲ ಬಳಿ ಇಟ್ಟಳು. ಆಮೇಲೆ ಕೇಳಿದಳು, "ಮೊನ್ನಿ ಕರೆಂಟ್ ಹೋದಾಗ ನೀನೂ ದಿನಾಪೂರ್ತಿ ಖಾಲಿ ಕೂತಿದ್ದಿ. ನಿನ್ನ ಪಗಾರ ಮುರಕೊಂಡ್ರೇನು?"

"ಇಲ್ಲ."

"ಅದನ್ನ ಹೇಳಿದೇನು?"

ಹೇಳಿರಲಿಲ್ಲ. ಲಾರಿ ನೆನಪಾಗಿತ್ತು, ರಿಕ್ಷಾ ನೆನಪಾಗಿತ್ತು. ಅದೇ ಸೂರಿನ ಕೆಳಗೆ ತಿಂಗಳ ಪಗಾರದ ಮೇಲೆ ಖಾಲಿ ಕೂರುವ ನಾನು ನೆನಪಾಗಿರಲಿಲ್ಲ. ಇಷ್ಟು ಶನಿವಾರಗಳಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ವೈನಿ ಓದಿದ್ದು ನಾಲ್ಕನೆಯ ಇಯತ್ತೆ.

ಮುಂದಿನ ಶನಿವಾರ ಹೇಳಬಹುದಿತ್ತು. ವಾರವಿಡೀ ಅದನ್ನೇ ಯೋಚಿಸಿದೆ. ಮಾಲಕರು ತರ್ಕಕ್ಕೆ ತಲೆಬಾಗುವ ಮನುಷ್ಯ. ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಹೇಗೆ ಎಂದು ನಾನು ಕೇಳಿದರೆ ಎರಡನ್ನೂ ಸಮ ಮಾಡಿಯೇ ಬಿಡುತ್ತಾರೆ. ಹೆಂಗಸರಿಗೂ ಕೊಡುವುದು, ಇಲ್ಲವೇ ನನ್ನದನ್ನೂ ಮುರಿದುಕೊಳ್ಳುವುದು, ಇವೆರಡರಲ್ಲಿ ಅವರಿಗೆ ಅಗ್ಗದ ದಾರಿ ಯಾವುದು ಎಂದು ತಿಳಿಯಲು ಎಂ.ಎ. ಬೇಕಿರಲಿಲ್ಲ.

"ಇವತ್ತ ಏನ್ ತಂದಿ?" ಎಂದು ಶನಿವಾರ ಮಾಲಕರು ಕುರ್ಚಿ ಮುಂದೆಳೆದುಕೊಂಡರು.

"ಏನೂ ಇಲ್ರಿ," ಎಂದೆ.

ಚಹಾ ಕುಡಿದೆ. ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು. ಅವರು ಪಾಪ, ನನಗೆ ಮೈಯಲ್ಲಿ ಹುಷಾರಿಲ್ಲವೆಂದುಕೊಂಡು ಇನ್ನೊಂದು ಕಪ್ಪು ತರಿಸಿದರು. ಅದನ್ನೂ ಕುಡಿದೆ.

ದೀಪಾವಳಿ ಮುಗಿದ ಮೇಲೆ ವೈನಿ ಅಕ್ಕಲಕೋಟೆಗೆ ಹೋಗಿ ಮಗಳನ್ನು ಕರೆದುಕೊಂಡು ಬಂದಳು. ಮನೆಯಲ್ಲಿ ಯಾರೂ ಅಳಲಿಲ್ಲ. ಒಂದು ವರ್ಷ ಬಿಟ್ಟು ಮತ್ತೆ ಹೋದರಾಯಿತು ಎಂದರು. ನಾನೂ ಅದನ್ನೇ ಎಂದೆ. ನಿನ್ನ ಕಾರ್ಖಾನೆಯಲ್ಲಿ ಹಾಕಿಸು ಎಂದು ಅಣ್ಣ ಹೇಳಿದ. ಹಾಕಿಸಿದೆ. ಕೈ ಚುರುಕಿನ ಹುಡುಗಿ, ನಾಲ್ಕೇ ದಿನದಲ್ಲಿ ಅಂಚು ಹೊಲಿಯುವುದನ್ನು ಕಲಿತಳು.

ಐದನೆಯ ದಿನ ಮಾಲು ಬರಲಿಲ್ಲ. ಹನ್ನೊಂದಕ್ಕೆ ಮಷಿನ್ನುಗಳು ನಿಂತವು. ಅವಳು ನನ್ನ ಮೇಜಿನ ಹತ್ತಿರ ಬಂದಳು.

"ಕಾಕಾ, ಮಾಲು ಯಾವಾಗ ಬರ್ತದ?"

"ಗೊತ್ತಿಲ್ಲವ್ವಾ," ಎಂದೆ.

ಅವಳು ಹೋಗಿ ತಾಯಿಯ ಪಕ್ಕ ನೆಲದ ಮೇಲೆ ಕೂತಳು. ಆರು ಗಂಟೆಯವರೆಗೆ ಅವರು ಅಲ್ಲಿ ಕೂತರು, ನಾನು ಇಲ್ಲಿ ಕೂತೆ, ಪಗಾರದ ಮೇಲೆ.