ಕಲ್ಲಿನ ಮೇಲೆ ಬಂದ ಬಿಳುಪು

ಗಾಳಿಗೆ ಸೇರುವ ಇಂಗಾಲವನ್ನು ಹಿಡಿದು ಕಲ್ಲಿನೊಳಗೆ ಬಚ್ಚಿಡುವುದು ಹೇಗೆಂದು ಹುಡುಕುವುದು ನನ್ನ ಉದ್ಯೋಗ. ಮದುವೆಮನೆಗಳಲ್ಲಿ ಯಾರಾದರೂ ಕೇಳಿದರೆ 'ಕೆಮಿಸ್ಟ್ರಿ' ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಪೂರ್ತಿ ಹೇಳಿದರೆ ಎದುರಿನವರು ಒಂದು ಕ್ಷಣ ನನ್ನ ಮುಖ ನೋಡಿ, "ಆಮೇಲೆ ಅದು ಆಚೆ ಬರಲ್ವಾ?" ಎನ್ನುತ್ತಾರೆ. ಅದಕ್ಕೆ ನನ್ನಲ್ಲಿ ಉತ್ತರವಿದೆ, ಆದರೆ ಎಲೆಗೆ ಪಲ್ಯ ಬೀಳುವ ಹೊತ್ತಿಗೆ ಹೇಳಿ ಮುಗಿಸುವಂಥದ್ದಲ್ಲ.

ನಮ್ಮ ಪ್ರಯೋಗಾಲಯ ಕೆ.ಆರ್. ಪುರದ ಕಡೆ, ಹಿಂದೆ ಕಾರ್ಖಾನೆಯಾಗಿದ್ದ ಒಂದು ಶೆಡ್ಡಿನಲ್ಲಿದೆ. ಹೊರಗಡೆ ಬೋರ್ಡಿನಲ್ಲಿ ಭೂಮಿಯ ಚಿತ್ರ, ಅದನ್ನು ಹಿಡಿದ ಎರಡು ಕೈ. ಒಳಗೆ ಪಾತ್ರೆ ಗಾತ್ರದ ಒಂದು ಸ್ಟೀಲ್ ಕೋಶ. ಅದರೊಳಗೆ ಕಪ್ಪು ಕಲ್ಲಿನ ಚೂರು ಹಾಕಿ, ನೀರು ಸುರಿದು, ಒತ್ತಡದಲ್ಲಿ ಇಂಗಾಲದ ಗಾಳಿ ತುಂಬಿ, ಒಂದು ವಾರ ಕಾಯಿಸುತ್ತೇವೆ. ನಮ್ಮ ಅದೃಷ್ಟ ಚೆನ್ನಾಗಿದ್ದರೆ ಗಾಳಿ ಕಲ್ಲಿನ ಜೊತೆ ಸೇರಿ ತಾನೂ ಕಲ್ಲಾಗುತ್ತದೆ, ಚೂರುಗಳ ಮೇಲೆ ಬಿಳಿ ಪದರ ಕಾಣುತ್ತದೆ. ಹಾಗೆ ಕಲ್ಲಾದ ಇಂಗಾಲ ಸಾವಿರಾರು ವರ್ಷ ಅಲುಗಾಡುವುದಿಲ್ಲ ಎನ್ನುವುದು ನಮ್ಮ ವಾದ. ಆ ಶೆಡ್ಡಿನಲ್ಲಿ ಸಾವಿರ ವರ್ಷದ ಮಾತಾಡುವ ನನ್ನ ಕಾಂಟ್ರಾಕ್ಟ್ ಮಾತ್ರ ಹನ್ನೊಂದು ತಿಂಗಳಿಗೊಮ್ಮೆ ಮುಗಿಯುತ್ತಿತ್ತು. ಹಾಗೆ ಹನ್ನೊಂದು ವರ್ಷ ಕಳೆದಿದ್ದೆ.

ಕಾಯಂ ಮಾಡಬೇಕಾದರೆ ಒಂದು ಸಂಶೋಧನಾ ಪೇಪರಿನಲ್ಲಾದರೂ ನನ್ನ ಹೆಸರು ಮೊದಲಿಗೆ ಇರಬೇಕಿತ್ತು. ನಮ್ಮ ಲೋಕದಲ್ಲಿ ಹೆಸರುಗಳ ಸಾಲು ಮದುವೆ ಆಮಂತ್ರಣ ಪತ್ರಿಕೆಗಿಂತ ಸೂಕ್ಷ್ಮ. ಮೊದಲ ಹೆಸರು ಕೈಯಾರೆ ದುಡಿದವರದು, ಕೊನೆಯ ಹೆಸರು ಯಜಮಾನರದು, ನಡುವೆ ಇರುವವರು ನೆಂಟರು. ನಾನು ಹನ್ನೊಂದು ವರ್ಷವೂ ನೆಂಟರ ಸಾಲಿನಲ್ಲೇ ಇದ್ದೆ. ಎರಡು ಪೇಪರಿನಲ್ಲಿ ಅದೂ ಇಲ್ಲ. ಕೊನೆಯಲ್ಲಿ ಕೃತಜ್ಞತೆ ಹೇಳುವಾಗ ಕರೆಂಟು ಕಂಪನಿಯ ಜೊತೆ ನನ್ನನ್ನೂ ನೆನೆದಿದ್ದರು.

ನಮ್ಮ ಯಜಮಾನರು, ಅಂದರೆ ಡೈರೆಕ್ಟರ್, ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಬೈಯುವುದು ಸುಲಭವಾಗುತ್ತಿತ್ತು. ಕುಕ್ ಟೌನಿನಲ್ಲಿ ಮಾವನ ಕಾಲದ ಬಂಗಲೆ, ಅಂಗಳದಲ್ಲಿ ನೇರಳೆ ಮರ, ಮೆತ್ತಗಿನ ಮಾತು. ಯಾರಿಗೂ ಏಕವಚನ ಬಳಸುವವರಲ್ಲ. ಅವರು ಒಂದೇ ಒಂದು ಸಲವೂ ಆ ಸ್ಟೀಲ್ ಕೋಶದ ಮುಚ್ಚಳ ಬಿಚ್ಚಿದ್ದನ್ನು ನಾನು ಕಂಡಿಲ್ಲ. ಆದರೆ ಅದರ ಪಕ್ಕ ನಿಂತು ತೆಗೆಸಿಕೊಂಡ ಅವರ ಫೋಟೊಗಳಲ್ಲಿ ಕೋಶ ಬಹಳ ಚೆನ್ನಾಗಿ ಬಂದಿದೆ.

ಈ ಕಲ್ಲಿನ ಪ್ರಯೋಗ ನನ್ನ ಕೈಗೆ ಬಂದ ಮೊದಲ ಎರಡು ತಿಂಗಳು ಕಲ್ಲಿನ ಮೇಲೆ ಏನೂ ಬರಲಿಲ್ಲ. ಪ್ರತಿ ಶನಿವಾರ ಮುಚ್ಚಳ ತೆಗೆಯುವುದು, ಕಪ್ಪು ಚೂರು ಕಪ್ಪಾಗಿಯೇ ಇರುವುದು. ಅಷ್ಟರಲ್ಲಿ ಶುದ್ಧ ನೀರು ತಯಾರಿಸುವ ಯಂತ್ರ ಕೆಟ್ಟಿತು. ರಿಪೇರಿಗೆ ಬರೆದ ಅರ್ಜಿ ಯಾವುದೋ ಟೇಬಲ್ಲಿನ ಮೇಲೆ ಕೂತಿತು. ಹಲಸೂರಿನಿಂದ ಶುದ್ಧ ನೀರಿನ ಕ್ಯಾನು ತರಿಸೋಣವೆಂದರೆ ಅದಕ್ಕೂ ಒಂದು ಅರ್ಜಿ. ಎರಡು ದಿನದ ಮಟ್ಟಿಗೆ ಎಂದುಕೊಂಡು ನಾನು ನಲ್ಲಿಯಿಂದ ಹಿಡಿದೆ. ನಮ್ಮ ಶೆಡ್ಡಿನ ನೆಲತೊಟ್ಟಿಗೆ ಬರುವುದು ಟ್ಯಾಂಕರ್ ನೀರು, ಟ್ಯಾಂಕರಿಗೆ ಬರುವುದು ಯಾವುದೋ ಬೋರಿನಿಂದ. ಇದೆಲ್ಲ ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಪ್ರಯೋಗದ ಪುಸ್ತಕದಲ್ಲಿ 'ನೀರು' ಎಂದು ಬರೆದೆ. ಯಾವ ನೀರು ಎಂದು ಬರೆಯಲಿಲ್ಲ. ಬರೆದಿದ್ದರೆ ಅರ್ಜಿ ಹಾಕದೆ ನಲ್ಲಿ ನೀರು ಬಳಸಿದ್ದು ಯಾಕೆ ಎಂದು ಇನ್ನೊಂದು ಅರ್ಜಿ ಬರೆಯಬೇಕಾಗುತ್ತಿತ್ತು.

ಆ ಶನಿವಾರ ಮುಚ್ಚಳ ತೆಗೆದರೆ, ಬಾದೂಷಾ ಮೇಲೆ ಸಕ್ಕರೆ ಕಟ್ಟಿದ ಹಾಗೆ ಕಲ್ಲಿನ ಮೇಲೆ ಬಿಳಿ ಪದರ! ನಾನು ಕೂಗಿದ್ದು ಪಕ್ಕದ ಗ್ಯಾರೇಜಿಗೂ ಕೇಳಿತಂತೆ. ಡೈರೆಕ್ಟರ್ ಕಾರಿನಲ್ಲಿ ಬಂದು, ಕೋಶದೊಳಗೆ ಇಣುಕಿ, ಕನ್ನಡಕ ಒರೆಸಿಕೊಂಡು ಮತ್ತೆ ಇಣುಕಿದರು. "ನೋಡ್ರೀ, ನಾನು ಹೇಳಿರ್ಲಿಲ್ವಾ?" ಅಂದರು. ಅವರು ಏನು ಹೇಳಿದ್ದರೋ ಯಾರಿಗೂ ನೆನಪಿರಲಿಲ್ಲ, ಆದರೂ ಎಲ್ಲರೂ ಹೌದು ಹೌದು ಎಂದೆವು. ಪದರವನ್ನು ಪರೀಕ್ಷೆಗೆ ಕಳಿಸಿದೆವು. ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲು, ಎಂದು ಉತ್ತರ ಬಂತು. ಇಂಗಾಲ ಕಲ್ಲಾಗಿದೆ!

ಆಮೇಲೆ ಶುದ್ಧ ನೀರಿನ ಯಂತ್ರ ರಿಪೇರಿಯಾಯಿತು. ಆದರೆ ಕಲ್ಲಿನ ಕೋಶಕ್ಕೆ ನಾನು ನಲ್ಲಿಯಿಂದಲೇ ಹಿಡಿಯುತ್ತಾ ಹೋದೆ, ಯಾರಿಗೂ ಹೇಳಲಿಲ್ಲ. ಯಾವ ಲ್ಯಾಬಿನಲ್ಲಾದರೂ ಕೇಳಿ, ಒಮ್ಮೆ ಸರಿಬಂದ ಪ್ರಯೋಗವನ್ನು ಯಾರೂ ಕದಲಿಸುವುದಿಲ್ಲ. ಅದೇ ಸ್ಪ್ಯಾನರು, ಅದೇ ಬಕೆಟ್ಟು, ಅದೇ ನಲ್ಲಿ. ಕೋಶಕ್ಕೆ 'ಮುಟ್ಟಬೇಡಿ' ಎಂದು ಚೀಟಿ ಅಂಟಿಸಿದೆವು. ಆಯುಧಪೂಜೆಗೆ ಅದಕ್ಕೆ ಅರಿಶಿನ ಕುಂಕುಮ, ಸೇವಂತಿಗೆ ಹಾರ. ಬಾಗಿಲಲ್ಲಿ ಬೂದುಗುಂಬಳ ಒಡೆದು, ಎಲ್ಲರೂ ಕೈಮುಗಿದೆವು. ಪಿಎಚ್‌ಡಿ ಮಾಡಿದವರೇ ಮೊದಲು ಕಣ್ಣು ಮುಚ್ಚಿದರು.

ಪೇಪರು ಅಚ್ಚಾಯಿತು. ಏಳು ಹೆಸರು. ಮೊದಲನೆಯದು ನನ್ನದು, ಕೊನೆಯದು ಡೈರೆಕ್ಟರದು. ನಡುವಿನ ಐವರಲ್ಲಿ ಒಬ್ಬರು ತೂಕದ ಯಂತ್ರ ಎರವಲು ಕೊಟ್ಟಿದ್ದರು, ಒಬ್ಬರು ನಮ್ಮ ಇಂಗ್ಲಿಷಿಗೆ ಅಲ್ಪವಿರಾಮ ಹಾಕಿದ್ದರು, ಉಳಿದ ಮೂವರು ಏನು ಮಾಡಿದ್ದರೆಂದು ಕೇಳುವುದು ಸಭ್ಯತೆಯಲ್ಲ. ನಾನು ಮೊದಲ ಪುಟದ ಪ್ರಿಂಟ್ ತೆಗೆದು ಮನೆಗೆ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ದಿನಕ್ಕೆ ಹತ್ತು ಸಲ ಹಾಲು ತೆಗೆಯಲು ಹೋಗುತ್ತಿದ್ದೆ. ಕಾಯಂ ಹುದ್ದೆಯ ಸಂದರ್ಶನದ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಅದಕ್ಕೂ ಮೊದಲು ಒಂದೇ ಒಂದು ಮೆಟ್ಟಿಲು: ದೊಮ್ಮಲೂರಿನಲ್ಲಿ ತಜ್ಞರ ಸಮಿತಿಯ ಮುಂದೆ ಈ ಕೆಲಸವನ್ನು ನಾನೇ ವಿವರಿಸಬೇಕಿತ್ತು.

ಆ ಸಭೆಗೆ ಎರಡು ವಾರವಿರುವಾಗ ಕೋಶದೊಳಗೆ ನೀರು ಕಾಯಿಸುವ ಹೀಟರ್ ಕಾಯಿಲ್ ಸುಟ್ಟುಹೋಯಿತು. ಅರ್ಜಿ ಹಾಕಿದರೆ ಸಭೆ ಮುಗಿದ ಮೇಲೆ ಬರುತ್ತಿತ್ತು. ನಾನೇ ಅದನ್ನು ಚೀಲಕ್ಕೆ ಹಾಕಿಕೊಂಡು ಶಿವಾಜಿನಗರಕ್ಕೆ ಹೋದೆ. ಗೀಸರಿನ ಬಿಡಿಭಾಗ ಮಾರುವ ಅಂಗಡಿಗಳ ಸಾಲಿನಲ್ಲಿ, ಬಿಳಿ ಗಡ್ಡದ ಒಬ್ಬ ವ್ಯಾಪಾರಿ ಫೋನಿನಲ್ಲಿ ದಖ್ಖನಿಯಲ್ಲಿ ಯಾರಿಗೋ ಜೋರಾಗಿ ಬೈಯುತ್ತಲೇ ಕಾಯಿಲ್ ತೆಗೆದುಕೊಂಡರು. ಫೋನಿಟ್ಟು, ಉಗುರಿನಲ್ಲಿ ಅದರ ಮೇಲಿನ ಬಿಳಿ ಪದರ ಕೆರೆದರು.

"ಮನೆ ಎಲ್ಲಿ ಮೇಡಂ? ಮಾರತ್ತಹಳ್ಳಿ? ಕಗ್ಗದಾಸಪುರ?"

"ಕಗ್ಗದಾಸಪುರ. ನಿಮ್ಗೆ ಹೇಗೆ ಗೊತ್ತಾಯ್ತು?"

"ಆ ಕಡೇದು ಎಲ್ಲಾ ಇದೇ ಬರ್ತದೆ ಮೇಡಂ. ಟ್ಯಾಂಕರ್ ನೀರು. ಕಾಯಿಲ್ ಮೇಲೆ ಕಲ್ಲು ಕಟ್ತದೆ, ಸುಟ್ಟೋಗ್ತದೆ."

"ಇದು ಮನೇದಲ್ಲ ರೀ. ಲ್ಯಾಬ್‌ದು. ಇದು ಬೇರೆ," ಎಂದೆ. ನನ್ನ ಧ್ವನಿಯಲ್ಲಿ ಸ್ವಲ್ಪ ಬಿಂಕವಿತ್ತು, ಒಪ್ಪಿಕೊಳ್ಳುತ್ತೇನೆ.

ಅವರು ಕೌಂಟರಿನ ಕೆಳಗಿಂದ ಒಂದು ಬಕೆಟ್ ಎಳೆದರು. ಅದರ ತುಂಬ ನಮ್ಮ ಕಡೆಯ ಮನೆಗಳ ಹಳೇ ಗೀಸರ್ ಕಾಯಿಲ್‌ಗಳು, ಒಂದೊಂದರ ಮೇಲೂ ದಪ್ಪ ಬಿಳಿ ಪದರ. ನನ್ನ ಏಳು ಹೆಸರಿನ ಪೇಪರು ಆ ಬಕೆಟ್ಟಿನಲ್ಲಿ ರಾಶಿ ಬಿದ್ದಿತ್ತು. "ನೋಡಿ," ಎಂದು ನಮ್ಮ ಕಾಯಿಲ್ ಮೇಲೆ ಬಾತ್‌ರೂಮ್ ತೊಳೆಯುವ ಆಸಿಡ್ ನಾಲ್ಕು ಹನಿ ಬಿಟ್ಟರು. ಬುಸ್ಸೆಂದು ನೊರೆ ಬಂತು. ಆ ನೊರೆಯಲ್ಲಿ ಏಳುವ ಗಾಳಿ ಯಾವುದು ಎಂದು ಆ ಅಂಗಡಿಯಲ್ಲಿ ನನ್ನೊಬ್ಬಳಿಗೆ ಗೊತ್ತಿತ್ತು. ಸಾವಿರಾರು ವರ್ಷ ಅಲುಗಾಡುವುದಿಲ್ಲ ಎಂದು ನಾವು ಬರೆದಿದ್ದ ಇಂಗಾಲ ಅರ್ಧ ನಿಮಿಷದಲ್ಲಿ ಎದ್ದು ಶಿವಾಜಿನಗರದ ಕಬಾಬ್ ಹೊಗೆಯ ಜೊತೆ ಸೇರಿಕೊಂಡಿತು.

ನನ್ನ ದಡ್ಡತನಕ್ಕೆ ಏನು ಹೇಳಲಿ? ಡೈರೆಕ್ಟರಿಗೆ ಕ್ಷಮೆಯಿದೆ. ಕುಕ್ ಟೌನಿನ ಅವರ ಮನೆಗೆ ಬರುವುದು ಕಾವೇರಿ ನೀರು, ಅವರ ನಲ್ಲಿಗಳು ಇವತ್ತಿಗೂ ಮದುವೆಯ ಪಾತ್ರೆ ಹಾಗೆ ಹೊಳೆಯುತ್ತವೆ. ನಾನೋ, ಪ್ರತಿ ಭಾನುವಾರ ನಿಂಬೆಹಣ್ಣಿನ ಸಿಪ್ಪೆಯಿಂದ ನಲ್ಲಿ ಉಜ್ಜುವವಳು. ನಮ್ಮ ಮನೆಯ ಷವರಿನ ತೂತೆಲ್ಲ ಮುಚ್ಚಿ, ಮೂರೇ ಎಳೆ ನೀರು ಮೂರು ದಿಕ್ಕಿಗೆ ಹಾರುತ್ತದೆ, ಅದರ ಕೆಳಗೆ ನನ್ನ ಗಂಡ ಕುಣಿದು ಕುಣಿದು ಸ್ನಾನ ಮಾಡುತ್ತಾರೆ. ಬೆಳಿಗ್ಗೆ ಇದೇ ಬಿಳುಪಿಗೆ ಶಾಪ ಹಾಕಿ, ಕಗ್ಗದಾಸಪುರದ ರೈಲ್ವೆ ಗೇಟು ದಾಟಿ, ಬಿಳಿ ಕೋಟು ತೊಟ್ಟ ಮೇಲೆ ಅದಕ್ಕೇ ಹಾರ ಹಾಕಿ ಕೈಮುಗಿದಿದ್ದೆ. ಕೋಟು ಹಾಕಿದ ಕೂಡಲೇ ಕಣ್ಣು ಹೋಗುತ್ತದೆಂದು ನನಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ.

ಹೊಸ ಕಾಯಿಲ್ ಹಾಕಿದೆ. ಯಾರಿಗೂ ಹೇಳದೆ, ಕೋಶಕ್ಕೆ ಕಲ್ಲಿನ ಬದಲು ಗಾಜಿನ ಮಣಿ ಹಾಕಿ, ಅದೇ ನಲ್ಲಿಯ ನೀರು ಸುರಿದು, ಒಂದು ವಾರ ಕಾಯಿಸಿದೆ. ಪೇಪರ್ ಬರೆಯುವ ಮೊದಲೇ ಮಾಡಬೇಕಿದ್ದ ಪರೀಕ್ಷೆ ಅದು. ಆಗ ಗಾಜಿನ ಮಣಿಯನ್ನು ಶುದ್ಧ ನೀರಿನಲ್ಲಷ್ಟೇ ಕಾಯಿಸಿದ್ದೆವು, ಬಿಳುಪು ಬಂದಿರಲಿಲ್ಲ, ಹಾಗಾಗಿ ಬಿಳುಪು ಕಲ್ಲಿನಿಂದಲೇ ಬಂದದ್ದು ಎಂದು ಹೆಮ್ಮೆಯಿಂದ ಬರೆದಿದ್ದೆವು. ನಲ್ಲಿ ನೀರಿನಲ್ಲಿ ಮಾಡಬೇಕೆಂದು ಯಾರಿಗೂ ತೋಚಲಿಲ್ಲ, ಏಕೆಂದರೆ ನಲ್ಲಿ ನೀರು ಬಳಸಿದ್ದು ನನ್ನೊಬ್ಬಳಿಗೇ ಗೊತ್ತಿತ್ತು. ಶನಿವಾರ ಮುಚ್ಚಳ ತೆಗೆದೆ. ಗಾಜಿನ ಮಣಿಗಳೆಲ್ಲ ಬೆಳ್ಳಗಾಗಿದ್ದವು. ತೂಕ ಹಾಕಿದರೆ ಹೆಚ್ಚುಕಡಿಮೆ ಕಲ್ಲಿನ ಮೇಲೆ ಬಂದಷ್ಟೇ ಬಿಳುಪು. ನನಗೆ ಅಳು ಬಂತು. ವಿಜ್ಞಾನಕ್ಕೆ ಹೀಗಾಯಿತಲ್ಲ ಎಂದಲ್ಲ, ನನ್ನ ಕೆಲಸ ಹೋಯಿತಲ್ಲ ಎಂದು.

ಭಾನುವಾರ ಬೆಳಿಗ್ಗೆ ಆ ಮಣಿಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಕುಕ್ ಟೌನಿಗೆ ಹೋದೆ. ಡೈರೆಕ್ಟರ್ ನೇರಳೆ ಮರದ ಕೆಳಗೆ ಕಾಫಿ ಕೊಡಿಸಿದರು. ಎಲ್ಲವನ್ನೂ ಹೇಳಿದೆ, ನಲ್ಲಿಯನ್ನೂ ಹೇಳಿದೆ. ಅವರು ಒಂದು ಮಣಿ ಎತ್ತಿ ಬೆಳಕಿಗೆ ಹಿಡಿದರು.

"ಒಂದೇ ಟೆಸ್ಟ್ ಅಲ್ವೇನ್ರೀ ಇದು? ಒಂದು ಟೆಸ್ಟ್ ನೋಡ್ಕೊಂಡು ಇಡೀ ಕೆಲಸಾನ ಅನುಮಾನ ಪಡೋದಾ? ಗುರುವಾರದ ಮೀಟಿಂಗ್ ಮುಗೀಲಿ. ಆಮೇಲೆ ನಿಧಾನವಾಗಿ ನೋಡೋಣ. ನಿಮ್ ಇಂಟರ್‌ವ್ಯೂ ಬೇರೆ ಇದೆ."

ಕೊನೆಯ ಮಾತು ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ನಾನು ಕಾಫಿ ಮುಗಿಸಿ "ಆಯ್ತು ಸರ್" ಎಂದೆ. ಯಾರೂ ನನ್ನ ಕತ್ತು ಹಿಡಿದಿರಲಿಲ್ಲ. ಮಣಿಗಳ ಡಬ್ಬಿಯನ್ನು ಅವರ ಮೇಜಿನ ಮೇಲೆಯೇ ಮರೆತು ಬಂದೆ ಎಂದು ಮನೆಯಲ್ಲಿ ಹೇಳಿದೆ. ಮರೆತಿರಲಿಲ್ಲ, ಬಿಟ್ಟು ಬಂದಿದ್ದೆ.

ಗುರುವಾರ ದೊಮ್ಮಲೂರಿನ ಗಾಜಿನ ಕಟ್ಟಡದಲ್ಲಿ ಸಭೆ. ಎಸಿ, ಬಿಸ್ಕತ್ತು, ಪ್ಲಾಸ್ಟಿಕ್ ಬಾಟಲಿ ನೀರು. ನಾನು ಇಸ್ತ್ರಿ ಮಾಡಿದ ಸೀರೆಯುಟ್ಟು, ಬಿಳಿ ಪದರದ ಫೋಟೊಗಳನ್ನು ಒಂದೊಂದಾಗಿ ತೋರಿಸಿದೆ. ತಜ್ಞರು ತಲೆದೂಗಿದರು. ಒಬ್ಬರಂತೂ ದೇಶದ ಭವಿಷ್ಯ ಎಂಬ ಮಾತು ಬಳಸಿದರು. ಮೂಲೆಯಲ್ಲಿ ಒಬ್ಬರು ವಯಸ್ಸಾದ ಭೂವಿಜ್ಞಾನಿ ಕೂತಿದ್ದರು, ಹತ್ತಿ ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿದ್ದ ಹೆಂಗಸು. ಇಡೀ ಜೀವನ ಬಂಡೆಗಳ ಮೇಲೆ ನಡೆದವರಂತೆ.

"ಎಲ್ಲಾ ಚೆನ್ನಾಗಿದೆ. ನೀರು ಯಾವುದಮ್ಮ?" ಎಂದು ಕೇಳಿದರು.

"ಸ್ಟ್ಯಾಂಡರ್ಡ್ ವಾಟರ್ ಮೇಡಂ," ಎಂದರು ಡೈರೆಕ್ಟರ್, ನಗುತ್ತಾ.

"ನಿಮ್ಮನ್ನಲ್ಲ ಕೇಳಿದ್ದು."

ನನಗೆ ಧೈರ್ಯ ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ. ಬರಲಿಲ್ಲ. ಆದರೆ ಆ ಭೂವಿಜ್ಞಾನಿಗೆ ಆಗಲೇ ಗೊತ್ತಾಗಿದೆ ಎಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಗೊತ್ತಿರುವವರ ಎದುರು ಸುಳ್ಳು ಹೇಳುವಷ್ಟು ತರಬೇತಿ ನನಗಿನ್ನೂ ಆಗಿರಲಿಲ್ಲ.

"ಟ್ಯಾಂಕರ್ ನೀರು ಮೇಡಂ. ಕಲ್ಲೇ ಹಾಕ್ದೆ ಮಾಡಿದ್ರೂ ಅಷ್ಟೇ ಬಿಳುಪು ಬರುತ್ತೆ. ಶನಿವಾರ ಮಾಡಿ ನೋಡ್ದೆ."

ಯಾರೋ ಬಿಸ್ಕತ್ತು ಕಡಿದ ಸದ್ದು ಕೇಳಿತು. ಆಕೆ ನನ್ನನ್ನು ಮೆಚ್ಚುತ್ತಾರೆ ಎಂದು ಒಂದು ಕ್ಷಣ ಆಸೆಪಟ್ಟೆ.

"ಶನಿವಾರ ಗೊತ್ತಾಗಿದೆ. ಗುರುವಾರ ಇಷ್ಟು ಫೋಟೋ ತೋರ್ಸಿ, ನಾನು ಕೇಳಿದ್ಮೇಲೆ ಹೇಳ್ತಿದೀಯಲ್ಲ," ಎಂದರು. ಬೈಗುಳವಲ್ಲ, ಬೇಸರ ಅಷ್ಟೆ. ಡೈರೆಕ್ಟರ್ ಹೇಳಿದ ಯಾವ ಮಾತಿಗಿಂತಲೂ ನನಗೆ ಅದು ಹೆಚ್ಚು ಚುಚ್ಚಿತು, ಇವತ್ತಿಗೂ ಚುಚ್ಚುತ್ತದೆ.

ಸಂದರ್ಶನದ ಪಟ್ಟಿಯಿಂದ ನನ್ನ ಹೆಸರು ಹೋಯಿತು. ಪೇಪರನ್ನು ಹಿಂತೆಗೆದುಕೊಳ್ಳಬೇಕಾಯಿತು. ನಡುವಿನ ಐವರಲ್ಲಿ ಮೂವರು ಅದೊಂದು ಪೇಪರಿರುವುದೇ ತಮಗೆ ತಿಳಿದಿರಲಿಲ್ಲ ಎಂದರು. ಅದು ನಿಜವಿದ್ದರೂ ಇರಬಹುದು. ಡೈರೆಕ್ಟರ್ ನನ್ನನ್ನು ಕರೆದು, ಎಂದಿನಂತೆ ಕುರ್ಚಿ ತೋರಿಸಿ, "ಮೊದಲನೇ ಹೆಸರು ನಿಮ್ದೇ ಅಲ್ವಾ, ಲೆಟರ್ ನೀವೇ ಬರೀಬೇಕಾಗುತ್ತೆ," ಎಂದರು.

ಬರೆದೆ. ನಲ್ಲಿ, ಟ್ಯಾಂಕರು, ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದು, ಗಾಜಿನ ಮಣಿ, ಎಲ್ಲವನ್ನೂ ಬರೆದೆ. ಕೆಳಗೆ ಏಳು ಸಹಿಗೆ ಏಳು ಗೆರೆ ಎಳೆದು ಡೈರೆಕ್ಟರಿಗೆ ಕಳಿಸಿದೆ. ಒಂದು ಗಂಟೆಯಲ್ಲಿ ವಾಪಸ್ ಬಂತು. ಒಳಗಿನ ಒಂದು ಅಕ್ಷರವನ್ನೂ ತಿದ್ದಿರಲಿಲ್ಲ. ಆರು ಗೆರೆ ಅಳಿಸಿದ್ದರು.

ಉಳಿದ ಗೆರೆಯ ಮೇಲೆ ಸಹಿ ಹಾಕಿದೆ. ಹನ್ನೊಂದು ವರ್ಷದಲ್ಲಿ ನನ್ನೊಬ್ಬಳದೇ ಹೆಸರಿರುವ ಬರಹ ಅದೊಂದೇ. ಅದರಲ್ಲಿ ಇರುವುದೆಲ್ಲ ನಿಜ.