ಲೆಕ್ಕಕ್ಕೆ ಬಾರದ ಮೂವತ್ತು ಗಂಟೆ

ಸರಕಾರ ಹೇಗೆ ನಡೆಯುತ್ತದೆ ಎಂದು ಕಲಿಯಲು ಹೋದ ನನ್ನ ಕೈಗೆ ಮೊದಲ ದಿನ ಬೆಳಿಗ್ಗೆ ಒಂಬತ್ತಕ್ಕೆ ಕೊಟ್ಟದ್ದು ಸತ್ತವರ ಫೋಟೋಗಳು. ಒಂದೆರಡಲ್ಲ, ಪತ್ರಿಕೆಯ ಇಡೀ ಪುಟ. ಸಾಲು ಸಾಲು ಮುಖಗಳು, ಕೆಳಗೆ ದುಂಡು ದುಂಡು ಮಲಯಾಳ ಅಕ್ಷರ. ಕೊಟ್ಟವರ ಹೆಸರು ಬೇಬಿ. ಹೆಸರಿಗೆ ಬೇಬಿ, ಆಳು ಅರವತ್ತರ ಹತ್ತಿರ, ದಪ್ಪ ಮೀಸೆ, ಬಿಳಿ ಮುಂಡು. ನಮ್ಮ ಎಮ್ಮೆಲ್ಲೆಯವರ ಆಪ್ತ ಸಹಾಯಕ. "ಮೋಳೇ, ಇದರಲ್ಲಿ ನಮ್ಮ ಕ್ಷೇತ್ರದವರಿಗೆ ಗುರುತು ಹಾಕು" ಎಂದು ಇಂಗ್ಲಿಷಿನಲ್ಲಿ ಹೇಳಿ ಕೆಂಪು ಪೆನ್ನು ಕೊಟ್ಟರು. ಮೋಳೇ ಅಂದರೆ ಮಗಳೇ. ಆ ಪುಟದಲ್ಲಿ ನನಗೆ ಓದಲು ಬಂದದ್ದು ಸತ್ತವರ ವಯಸ್ಸು ಮಾತ್ರ.

ನಾನು ಗದುಗಿನವಳು. ಕೊಚ್ಚಿಯ ಕಾಲೇಜೊಂದಕ್ಕೆ ರಾಜ್ಯಶಾಸ್ತ್ರದ ಎಂ.ಎ. ಓದಲು ಬಂದೆ. ಕೊನೆಯ ಸೆಮಿಸ್ಟರಿನಲ್ಲಿ ಒಬ್ಬ ಜನಪ್ರತಿನಿಧಿಯ ಕಚೇರಿಯಲ್ಲಿ ನೂರಿಪ್ಪತ್ತು ಗಂಟೆ ಇಂಟರ್ನ್‌ಶಿಪ್ ಮಾಡಿದರೆ ನಾಲ್ಕು ಕ್ರೆಡಿಟ್ ಕೊಡುತ್ತಾರೆ. ಮಾಡಿದ ಕೆಲಸವನ್ನು ದಿನಚರಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಬೇಕು, ಕೊನೆಗೆ ವೈವಾ. ಒಂದು ಗಂಟೆ ಕಡಿಮೆಯಾದರೂ ಕ್ರೆಡಿಟ್ ಇಲ್ಲ, ಕ್ರೆಡಿಟ್ ಇಲ್ಲದಿದ್ದರೆ ಪದವಿ ಇಲ್ಲ.

ಆ ಪದವಿಗಾಗಿ ನನಗಿಂತ ಹೆಚ್ಚು ಹಂಬಲಿಸಿದವಳು ನಮ್ಮ ಅತ್ತಿ. ಅತ್ತಿ ಅಂದರೆ ಅಪ್ಪನ ಅಕ್ಕ, ನನ್ನನ್ನು ಸಾಕಿದವಳು. ಐದು ವರ್ಷ ಗ್ರಾಮ ಪಂಚಾಯ್ತಿ ಮೆಂಬರ್ ಆಗಿದ್ದಳು. ಸಭೆಯಲ್ಲಿ ಮಾತೆಲ್ಲ ಮಾವನದು, ಕಾಗದದ ಮೇಲೆ ಸಹಿ ಇವಳದು. ನಾನು ಕೊಚ್ಚಿಗೆ ರೈಲು ಹತ್ತುವಾಗ ಕಿಟಕಿಗೆ ಬಂದು, "ನಾ ಬರೇ ಸೈ ಮಾಡಿದೆನವಾ. ನೀ ಓದಿ ಸೈ ಮಾಡು" ಎಂದಿದ್ದಳು.

ತ್ರಿಪ್ಪುಣಿತ್ತುರದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರ ಮನೆಯ ಮಹಡಿಯಲ್ಲಿ ನನಗೊಂದು ಕೋಣೆ. ಎಲ್ಲರೂ ಅವರನ್ನು ಟೀಚರ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೊದಲ ದಿನ ಊಟಕ್ಕೆ ಅವರಿಟ್ಟ ಗುಲಾಬಿ ಬಣ್ಣದ ನೀರನ್ನು ಶರಬತ್ತು ಎಂದುಕೊಂಡು ಕುಡಿದೆ. ಯಾವುದೋ ಮರದ ಚಕ್ಕೆ ಹಾಕಿ ಕುದಿಸಿದ ನೀರು, ಸಿಹಿಯೂ ಇಲ್ಲ, ಏನೂ ಇಲ್ಲ. ದಪ್ಪ ಕೆಂಪಕ್ಕಿಯ ಅನ್ನ ಗಂಟಲಲ್ಲಿ ಇಳಿಯಲು ಒಂದು ತಿಂಗಳು ಹಿಡಿಯಿತು. ರೊಟ್ಟಿ, ಶೇಂಗಾ ಹಿಂಡಿ ಕನಸಿನಲ್ಲಿ ಬರುತ್ತಿದ್ದವು, ಸುಳ್ಳಲ್ಲ. ಆದರೆ ಹೊಟ್ಟೆಗಿಂತ ಬಾಯಿಗೇ ಹೆಚ್ಚು ಕಷ್ಟವಾಯಿತು. ನಮ್ಮ ಓಣಿಯಲ್ಲಿ ನನ್ನನ್ನು ಬಾಯಿಬಡಕಿ ಎನ್ನುತ್ತಾರೆ. ಇಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಕನ್ನಡ ಶಬ್ದ ಆಡದ ದಿನಗಳಿದ್ದವು. ಬಿಕೋ ಎನ್ನಿಸುತ್ತಿತ್ತು. ಸಂಜೆ ಮೆಟ್ರೋ ಇಳಿದು ಮನೆಗೆ ನಡೆಯುತ್ತಾ ಅತ್ತಿಗೆ ಫೋನು ಹಚ್ಚುತ್ತಿದ್ದೆ, ಆ ಹತ್ತು ನಿಮಿಷಕ್ಕಾಗಿ ಇಡೀ ದಿನ ತಳ್ಳುತ್ತಿದ್ದೆ.

"ಇವತ್ತ ಯಾರ್ ಹೋದ್ರವಾ?" ಎನ್ನುವುದೇ ಅವಳ ಮೊದಲ ಪ್ರಶ್ನೆ.

ಯಾಕೆಂದರೆ ನನ್ನ ಕೆಲಸವೇ ಅದಾಗಿತ್ತು. ಕೇರಳದಲ್ಲಿ ಎಮ್ಮೆಲ್ಲೆಯಾದವರು ಮದುವೆಗೆ ಹೋಗದಿದ್ದರೂ ಜನ ಕ್ಷಮಿಸುತ್ತಾರೆ, ಮರಣವೀಡಿಗೆ ಹೋಗದಿದ್ದರೆ ಇಲ್ಲ. ವೀಡು ಅಂದರೆ ಮನೆ, ಸಾವಾದ ಮನೆ. ಬೇಬಿ ಚೇಟ್ಟನ್ (ಇಲ್ಲಿ ಅಣ್ಣ ಎನ್ನಲು ಚೇಟ್ಟನ್) ದಿನಾ ಪತ್ರಿಕೆ ನೋಡಿ ಪಟ್ಟಿ ಮಾಡಿಸುತ್ತಿದ್ದರು: ಮನೆಯ ಹೆಸರು, ಸತ್ತವರ ಹೆಸರು, ಸಂಸ್ಕಾರದ ಹೊತ್ತು. ನಾನು ಮಲಯಾಳ ಓದಲು ಕಲಿತದ್ದು ಆ ಪುಟದಿಂದಲೇ. ಎಮ್ಮೆಲ್ಲೆಗೆ ಪುರುಸೊತ್ತಿಲ್ಲದಿದ್ದರೆ ಬೇಬಿ ಚೇಟ್ಟನ್ ಹೋಗುತ್ತಿದ್ದರು, ನನ್ನನ್ನೂ ಕರೆದೊಯ್ಯುತ್ತಿದ್ದರು.

ಮೊದಲ ಮನೆಯಲ್ಲೇ ಎಡವಟ್ಟು ಮಾಡಿದೆ. ಹತ್ತು ನಿಮಿಷ ಸುಮ್ಮನೆ ಕೂತು ಎದ್ದೆವು. ನಾನು ಬಾಗಿಲಲ್ಲಿ ಸತ್ತವರ ಹೆಂಡತಿಗೆ ಕೈಮುಗಿದು, ಹೊಸದಾಗಿ ಕಲಿತ ಮಲಯಾಳದಲ್ಲಿ "ಪೋಯಿಟ್ಟು ವರಾಂ" ಎಂದುಬಿಟ್ಟೆ. ಹೋಗಿ ಬರ್ತೀನಿ! ಅಂಗಳದಲ್ಲಿದ್ದವರೆಲ್ಲ ಒಮ್ಮೆಲೇ ನನ್ನತ್ತ ನೋಡಿದರು. ಬೇಬಿ ಚೇಟ್ಟನ್ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದರು. "ಮರಣವೀಟ್ಟಿಲ್ ಯಾತ್ರ ಪರಯರುದ್, ಮೋಳೇ" ಎಂದರು. ಸಾವಿನ ಮನೆಯಲ್ಲಿ ಹೊರಡುತ್ತೇನೆಂದು ಹೇಳಬಾರದು.

ಸಂಜೆ ಅತ್ತಿಗೆ ಹೇಳಿದರೆ ಅವಳು ನಕ್ಕು ನಕ್ಕು ಸುಸ್ತಾದಳು. "ಹುಚ್ಚಿ! ನಮ್ಮಲ್ಲೂ ಹಂಗ ಅನ್ನಂಗಿಲ್ಲ. ಸತ್ತೋರ ಮನ್ಯಾಗಿಂದ ಸುಮ್ಕ ಎದ್ದು ಬರಬೇಕು. ಬರ್ತೀನಿ ಅಂದ್ರ ಮತ್ತೊಂದು ಸಾವಿಗೆ ಬರ್ತೀನಿ ಅಂದಂಗಾತು."

ನನಗೆ ಗೊತ್ತೇ ಇರಲಿಲ್ಲ. ಊರಲ್ಲಿ ಯಾರಾದರೂ ಸತ್ತರೆ ಹುಡುಗಿಯರು ಮನೆಯಲ್ಲಿರಿ ಎನ್ನುತ್ತಿದ್ದರು. ನಮ್ಮ ಪದ್ಧತಿ ಕಲಿಯಲು ನಾನು ಪರರಾಜ್ಯಕ್ಕೆ ಬರಬೇಕಾಯಿತು.

ಬರಬರುತ್ತಾ ಆ ಮನೆಗಳಲ್ಲಿ ನನಗೆ ಕೆಲಸ ಸಿಕ್ಕಿತು. ಕಟ್ಟನ್, ಅಂದರೆ ಹಾಲಿಲ್ಲದ ಚಹಾ, ಹಂಚಿ ಮುಗಿದ ಮೇಲೆ ಯಾರಾದರೂ ಮೆಲ್ಲಗೆ ಬೇಬಿ ಚೇಟ್ಟನ್ ಬಳಿ ಬರುತ್ತಿದ್ದರು. ಮರಣ ಪ್ರಮಾಣಪತ್ರ ಎಲ್ಲಿ ಪಡೆಯುವುದು, ವಿಧವಾ ಪಿಂಚಣಿಗೆ ಏನೇನು ಕಾಗದ ಬೇಕು. ನಾನು ಬರೆದುಕೊಂಡು, ಮರುದಿನ ಅರ್ಜಿ ತುಂಬಿ, ಕಚೇರಿಗಳಿಗೆ ಫೋನು ಮಾಡುತ್ತಿದ್ದೆ. ಒಬ್ಬಾಕೆ ಪಿಂಚಣಿ ಮಂಜೂರಾದ ಕಾಗದ ಹಿಡಿದು ಕಚೇರಿಗೇ ಬಂದು ನನ್ನ ಕೈಗೆ ಬಾಳೆಹಣ್ಣಿನ ಚಿಪ್ಪು ಕೊಟ್ಟರು. ಅಂದು ರಾತ್ರಿಯ ಊಟ ರುಚಿಸಿತು.

ಆದರೆ ಕಾಲೇಜಿನ ಸಂಯೋಜಕ ಮೇಷ್ಟ್ರು ದಿನಚರಿ ನೋಡಿದವರೇ ಮುಖ ಗಂಟು ಹಾಕಿದರು. ಮರಣವೀಡು, ಮರಣವೀಡು, ಮರಣವೀಡು. "ಸಂತಾಪ ಹೇಳುವುದು ಸೌಜನ್ಯ. ಆಡಳಿತವಲ್ಲ" ಎಂದರು. ಮೂವತ್ತು ಗಂಟೆಗಳ ಮೇಲೆ ಅಡ್ಡಗೆರೆ ಎಳೆದರು. ಅದನ್ನು ತುಂಬಿಕೊಡಲು ಸೆಮಿಸ್ಟರ್ ಮುಗಿಯುವವರೆಗೆ ಸಮಯವಿತ್ತು. ಆಗಲೇ ವಾದಿಸಬೇಕಿತ್ತು. ಊರಲ್ಲಾಗಿದ್ದರೆ ಬಿಡುತ್ತಿದ್ದೆನೇ? ಪರಸ್ಥಳದಲ್ಲಿ ನಾಲಿಗೆ ಏಳಲಿಲ್ಲ. ತಲೆಯಾಡಿಸಿ ಬಂದೆ.

ಆ ಗಂಟೆಗಳನ್ನು ತುಂಬಲು ತಿರುವನಂತಪುರಕ್ಕೆ ಹೋದೆ. ವಿಧಾನಸಭೆಯ ಅಧಿವೇಶನವಿತ್ತು, ಎಮ್ಮೆಲ್ಲೆಯವರೂ ಬೇಬಿ ಚೇಟ್ಟನ್ನೂ ಅಲ್ಲೇ ಇದ್ದರು. ಕೊಚ್ಚಿಯಲ್ಲಿ ಟೀಚರ್ ಆದರೂ ಇದ್ದರು. ಇಲ್ಲಿ ಮಹಿಳಾ ಹಾಸ್ಟೆಲಿನ ಒಂದು ಮಂಚ, ಗುರುತಿಲ್ಲದ ಮೂವರು ನೌಕರಿಯ ಹೆಂಗಸರು. ಏರು ತಗ್ಗಿನ ಊರು, ಎಲ್ಲಿ ನೋಡಿದರೂ ಸರಕಾರಿ ಕಚೇರಿ, ಎಲ್ಲರಿಗೂ ಹೋಗಲೊಂದು ಮನೆ. ಮೊದಲ ದಿನ ಸಂದರ್ಶಕರ ಗ್ಯಾಲರಿಯಲ್ಲಿ ಕೂತು ಕಾದೆ, ಈಗ ಶುರುವಾಗುತ್ತದೆ ನಿಜವಾದ ಆಡಳಿತ ಎಂದು. ಸಭೆ ಶುರುವಾದದ್ದು ತೀರಿಕೊಂಡ ಹಳೆಯ ಸದಸ್ಯರ ಹೆಸರಿನಿಂದ. ಆಡಳಿತ ಪಕ್ಷ, ವಿರೋಧ ಪಕ್ಷ, ಎಲ್ಲರೂ ಎದ್ದು ನಿಂತು ಮೌನವಾದರು. ನನಗೆ ಅಲ್ಲೇ ನಗು ಬಂತು, ಕಣ್ಣೂ ತುಂಬಿತು.

ಸೆಮಿಸ್ಟರ್ ಮುಗಿಯಲು ಇನ್ನು ಮೂರೇ ದಿನ ಉಳಿದಿದ್ದವು, ಹದಿನೆಂಟು ಗಂಟೆಯ ಕೆಲಸ. ಬೆಳಿಗ್ಗೆ ಆರಕ್ಕೆ ಅಣ್ಣನ ಫೋನು ಬಂತು.

"ಅತ್ತಿ ಹೋದಳವಾ. ನಿದ್ದ್ಯಾಗ." ಸ್ವಲ್ಪ ಹೊತ್ತು ಅಳುತ್ತಿದ್ದ. ಆಮೇಲೆ, "ನೀ ಬರ್ತೀ ಅಂದ್ರ ನಾಳೆ ಮಧ್ಯಾಹ್ನತನಕ ಇಡ್ತೀವಿ. ಬರ್ತಿಯೇನು?"

ಹೋದರೆ ಮೂರು ದಿನ ಹೋದಂತೆಯೇ, ಕ್ರೆಡಿಟ್ ಹೋಯಿತು, ಪದವಿ ಹೋಯಿತು. ಓದಿ ಸೈ ಮಾಡು ಎಂದವಳು ಅವಳೇ. ಅವಳಿಗೆ ಮಣ್ಣು ಕೊಡುವುದು ಮುಖ್ಯವೋ, ಅವಳ ಮಾತು ಮುಖ್ಯವೋ? ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ಕೇಳಲು ಒಂದು ನರಪಿಳ್ಳೆಯೂ ಇರಲಿಲ್ಲ.

"ಇಡಬ್ಯಾಡ್ರಿ ಅಣ್ಣಾ. ನನಗ ಬರಾಕ ಆಗಂಗಿಲ್ಲ."

ಅವನು ಫೋನಿಟ್ಟ. ಬೈದಿದ್ದರೆ ಹಗುರಾಗುತ್ತಿತ್ತು.

ಯಾರಿಗೂ ಹೇಳದೆ ಕೆಲಸಕ್ಕೆ ಹೋದೆ. ಎಂದಿನಂತೆ ಕ್ಷೇತ್ರದ ಸಾವಿನ ಪಟ್ಟಿಯನ್ನು ಬೇಬಿ ಚೇಟ್ಟನ್‌ಗೆ ಓದಿ ಹೇಳಬೇಕು. ಮೂರನೆಯ ಹೆಸರಿಗೆ ದನಿ ನಿಂತುಹೋಯಿತು. ಬೇಬಿ ಚೇಟ್ಟನ್ ಕನ್ನಡಕ ತೆಗೆದು, "ಎಂತಾ, ಮೋಳೇ?" ಎಂದರು. ಏನಾಯಿತು ಎಂದು. ಹೇಳಿದೆ. ಅವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಪಟ್ಟಿಯ ಕೊನೆಗೆ ಏನೋ ಬರೆದರು.

ಸಂಜೆ ಹಾಸ್ಟೆಲಿನ ವಾರ್ಡನ್ ಗಾಬರಿಯಿಂದ ಮೇಲೆ ಓಡಿ ಬಂದರು. ಕೆಳಗೆ ಸಂದರ್ಶಕರ ಕೋಣೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ, ಎಮ್ಮೆಲ್ಲೆ ಮತ್ತು ಬೇಬಿ ಚೇಟ್ಟನ್ ಕೂತಿದ್ದರು. ಎಮ್ಮೆಲ್ಲೆ, "ಎತ್ರ ವಯಸ್ಸಾಯಿರುನ್ನು?" ಎಂದು ಕೇಳಿದರು. ಎಷ್ಟು ವಯಸ್ಸಾಗಿತ್ತು. ಎಲ್ಲ ಮನೆಗಳಲ್ಲೂ ಅವರು ಕೇಳುವ ಪ್ರಶ್ನೆ. ಅರವತ್ತೆಂಟು ಎಂದೆ. ಅವಳೂ ಪಂಚಾಯ್ತಿ ಮೆಂಬರ್ ಆಗಿದ್ದಳು ಎಂದೆ. ಅವರು ಮೆಲ್ಲನೆ ತಲೆಯಾಡಿಸಿದರು. ಹತ್ತು ನಿಮಿಷ ಕೂತರು. ಆಮೇಲೆ ಇಬ್ಬರೂ ಎದ್ದು, ಏನೂ ಹೇಳದೆ ಹೊರಟುಹೋದರು. ಅವರು ಹೋದ ಮೇಲೆ ನಾನು ಬಿಕ್ಕಿ ಬಿಕ್ಕಿ ಅತ್ತೆ.

ಉಳಿದ ಹದಿನೆಂಟು ಗಂಟೆ ಮುಗಿಸಿದೆ. ವೈವಾದಲ್ಲಿ ಮೇಷ್ಟ್ರು ತಾವೇ ಅಡ್ಡಗೆರೆ ಎಳೆದಿದ್ದ ಪುಟಗಳನ್ನು ತಿರುವುತ್ತಾ, "ಇದರಿಂದ ಏನು ಕಲಿತಿರಿ?" ಎಂದರು. ನನಗೆ ಕಳೆದುಕೊಳ್ಳಲು ಇನ್ನೇನೂ ಉಳಿದಿರಲಿಲ್ಲ, ಬಾಯಿ ಬಿಟ್ಟೆ. ಪಿಂಚಣಿಯ ಅರ್ಜಿಗಳನ್ನು ಹೇಳಿದೆ. ವಿಧಾನಸಭೆಯೇ ಮೊದಲು ಸತ್ತವರಿಗಾಗಿ ಎದ್ದು ನಿಲ್ಲುತ್ತದೆ ಸರ್, ಅದು ಆಡಳಿತವಾದರೆ ಇದೂ ಆಡಳಿತವೇ ಎಂದೆ. ಅವರು ಆ ಪುಟಗಳನ್ನು ಮತ್ತೆ ಮೊದಲಿನಿಂದ ಓದಿದರು. ಆಮೇಲೆ ಅಡ್ಡಗೆರೆಗಳ ಪಕ್ಕ ಸಹಿ ಹಾಕಿ ಮೂವತ್ತು ಗಂಟೆಗಳನ್ನೂ ಸೇರಿಸಿದರು. ನೂರೈವತ್ತು ಎಂದು ಬರೆದು ಪುಸ್ತಕ ನನ್ನತ್ತ ತಳ್ಳಿದರು. ಪ್ರತಿ ಸಾಲನ್ನೂ ಓದಿ ಸೈ ಮಾಡಿದೆ.

ಬೇಕಾಗಿದ್ದದ್ದು ನೂರಿಪ್ಪತ್ತು. ಅಂದರೆ ಅವತ್ತು ನಾನು ಹೋಗಬಹುದಿತ್ತು. ಮೊದಲೇ ಈ ಮಾತು ಆಡಿದ್ದರೆ ಅವಳಿಗೊಂದು ಹಿಡಿ ಮಣ್ಣು ಹಾಕಿರುತ್ತಿದ್ದೆ.

ಆಮೇಲೆ ಊರಿಗೆ ಹೋದೆ. ಅತ್ತಿಯ ಮಂಚವನ್ನು ಗೋಡೆಗೆ ಒರಗಿಸಿದ್ದರು. ಅಣ್ಣ ಮಾತಾಡಿದ, ಆದರೆ ಮುಖ ಕೊಟ್ಟು ಮಾತಾಡಲಿಲ್ಲ. ಕೊಚ್ಚಿಯ ಕಚೇರಿಯಲ್ಲಿ ಒಂದು ವರ್ಷ ಇರುತ್ತೀಯಾ ಎಂದು ಬೇಬಿ ಚೇಟ್ಟನ್ ಕೇಳಿದ್ದರು, ಹೂಂ ಎಂದಿದ್ದೆ. ನಾಲ್ಕನೆಯ ದಿನ ಚೀಲ ಹೆಗಲಿಗೇರಿಸಿ ಹೊಸ್ತಿಲ ಮೇಲೆ ನಿಂತೆ. ಹುಟ್ಟಿದಾಗಿನಿಂದ ಆ ಹೊಸ್ತಿಲಲ್ಲಿ ನಿಂತು ಹೇಳಿದ ಮಾತು ನಾಲಿಗೆಯ ತುದಿಗೆ ಬಂತು. ಅದೀಗ ಸಾವಿನ ಮನೆ. ತಡವಾಗಿ ಬಂದವರ ಪೈಕಿ ನಾನೂ ಒಬ್ಬಳು. ಬಾಯಿ ಮುಚ್ಚಿಕೊಂಡು ಇಳಿದೆ.

ಮರುದಿನ ತ್ರಿಪ್ಪುಣಿತ್ತುರದಲ್ಲಿ ಟೀಚರ್ ಗೇಟು ತೆಗೆದು, "ವನ್ನೋ?" ಎಂದರು. ಬಂದೆಯಾ? ಗುಲಾಬಿ ನೀರು ಕೊಟ್ಟರು, ಗಟಗಟ ಕುಡಿದೆ. ಅದರಾಚೆಯ ಬೆಳಿಗ್ಗೆ ಕಚೇರಿಗೆ ಹೊರಟಾಗ ಟೀಚರ್ ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದರು. ಚಪ್ಪಲಿ ಮೆಟ್ಟಿ, ಸ್ವಲ್ಪ ಹೊತ್ತು ನಿಂತು, "ಪೋಯಿಟ್ಟು ವರಾಂ, ಟೀಚರ್" ಎಂದೆ.

ಅವರು ಪತ್ರಿಕೆಯಿಂದ ತಲೆ ಎತ್ತದೆ, "ಶರಿ, ಮೋಳೇ" ಎಂದರು.